ನಲ್ಲಿಗೆ ಕಟ್ಟಿದ ಬಟ್ಟೆ

ಪ್ರಬಂಧ ಬರೆಯುವವರು ತಮ್ಮನ್ನು ತಾವೇ ‘ನಾವು’ ಎಂದು ಕರೆದುಕೊಳ್ಳುವುದು ಹಳೆಯ ವಾಡಿಕೆ. ಇದು ವಿನಯವೋ ಗರ್ವವೋ ಎಂದು ವಿದ್ಯಾರ್ಥಿಮಿತ್ರನೊಬ್ಬನು ನಮ್ಮನ್ನು ಕೇಳಿದನು. ಎರಡೂ ಅಲ್ಲ, ಅದು ಬರಿಯ ಲೆಕ್ಕಾಚಾರ ಎಂದು ಉತ್ತರಿಸಿದೆವು. ೨೦೧೬ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು ಕಟ್ಟಿದ ಲೆಕ್ಕದಂತೆ, ಸಾಧಾರಣ ಮೈಕಟ್ಟಿನ ಮನುಷ್ಯನ ದೇಹದಲ್ಲಿ ಅವನವೇ ಆದ ಜೀವಕೋಶಗಳು ಸುಮಾರು ೩೦ ಲಕ್ಷ ಕೋಟಿ. ಅವನೊಡನೆ ಬಾಳುವ ಬ್ಯಾಕ್ಟೀರಿಯಗಳು ಸುಮಾರು ೩೮ ಲಕ್ಷ ಕೋಟಿ. ಇವೆಲ್ಲವನ್ನೂ ಕೂಡಿಸಿ ತೂಗಿದರೆ ಕಾಲು ಕಿಲೋಗ್ರಾಂ ಕೂಡ ಆಗದು. ಆದರೆ ಎಣಿಕೆಯಲ್ಲಿ ಬಹುಮತ ಅವುಗಳದೇ. ಇಂತಹವನು ‘ನಾನು’ ಎಂದು ಹೇಳಿಕೊಂಡರೆ ಅರ್ಧಕ್ಕಿಂತ ಹೆಚ್ಚಿನ ಪ್ರಜೆಗಳನ್ನು ಕಡೆಗಣಿಸಿದಂತಾಗುವುದಿಲ್ಲವೆ?

ಈ ಪ್ರಜೆಗಳಲ್ಲಿ ಬಹುಪಾಲು ದೊಡ್ಡ ಕರುಳಿನ ನಿವಾಸಿಗಳು, ಸಾಧುಗಳು, ಎಷ್ಟೋ ವೇಳೆ ಉಪಕಾರಿಗಳು. ಅವು ಮಾಡುವ ದೊಡ್ಡ ಉಪಕಾರವೆಂದರೆ ಜಾಗವನ್ನು ತುಂಬಿಕೊಂಡಿರುವುದು. ಇದರ ಬೆಲೆ ಲೋಕಲ್ ಗಾಡಿಯಲ್ಲಿ ಓಡಾಡುವವರಿಗೆ ಚೆನ್ನಾಗಿ ತಿಳಿದೀತು. ನಾವು ಬದಲಾಪುರದವರು. ಬೆಳಗಿನ ಕೆಲವು ಗಾಡಿಗಳು ಇಲ್ಲಿಂದಲೇ ಹೊರಡುವುದರಿಂದ ನಮಗೆ ಕಿಟಕಿಯ ಪಕ್ಕದ ಸ್ಥಳ ದೊರೆಯುವುದುಂಟು. ಅಂಬರನಾಥ, ಉಲ್ಲಾಸನಗರ, ಕಲ್ಯಾಣಗಳನ್ನು ದಾಟಿ ಗಾಡಿಯು ಡೊಂಬಿವಲಿಗೆ ಬರುವ ಹೊತ್ತಿಗೆ, ಹೊಸದಾಗಿ ಬಂದವನು ಒಳಗೆ ಕಾಲಿಡಬೇಕಾದರೆ ಅವನಲ್ಲಿ ಏನಾದರೊಂದು ವಿಶೇಷ ಸಾಮರ್ಥ್ಯವಿರಬೇಕು. ಹೊಸ ರೋಗಾಣುವು ನಮ್ಮ ಕರುಳಿನ ಬಾಗಿಲಲ್ಲಿ ನಿಂತಾಗ ಅದರ ಪಾಡೂ ಇದೇ.

ಬಾಗಿಲನ್ನು ತಲುಪುವ ಮೊದಲೇ ಜಠರದ ಆಮ್ಲವನ್ನು ದಾಟಬೇಕು. ಅಮೆರಿಕದ ಮೇರಿಲ್ಯಾಂಡಿನಲ್ಲಿ ತಾವಾಗಿಯೇ ಒಪ್ಪಿ ಮುಂದೆ ಬಂದವರಿಗೆ ಕಾಲರಾದ ರೋಗಾಣುವನ್ನು ಕುಡಿಸಿ ನೋಡಿದರು. ಈ ಪ್ರಯೋಗದ ವರದಿ ೧೯೭೧ರಲ್ಲಿ ಪ್ರಕಟವಾಯಿತು. ಬರಿಯ ನೀರಿನಲ್ಲಿ ಕೊಟ್ಟಾಗ ರೋಗ ಬರಬೇಕಾದರೆ ಸುಮಾರು ಹತ್ತು ಸಾವಿರ ಕೋಟಿ ರೋಗಾಣುಗಳು ಬೇಕಾದವು. ಅಡುಗೆ ಸೋಡಾ ಕೊಟ್ಟು ಜಠರದ ಹುಳಿಯನ್ನು ತಗ್ಗಿಸಿದಾಗ ಹತ್ತು ಲಕ್ಷವೇ ಸಾಕಾಯಿತು. ಆಮ್ಲದಿಂದ ಪಾರಾಗಿ ಸಣ್ಣ ಕರುಳಿಗೆ ಬಂದರೆ ಅಲ್ಲಿ ನಿವಾಸಿಗಳು ವಿರಳವೇನೋ ನಿಜ, ಆದರೆ ಪ್ರವಾಹವಿದೆ. ಕರುಳು ಒಂದೇ ಸಮನೆ ಹಿಂಡಿ ಹಿಂಡಿ ಎಲ್ಲವನ್ನೂ ಮುಂದಕ್ಕೆ ನೂಕುತ್ತಿರುತ್ತದೆ. ಗೋಡೆಯ ಮೇಲೆಲ್ಲ ಲೋಳೆಯ ಪದರ. ಅಲ್ಲಿ ಹಿಡಿದು ನಿಲ್ಲಲಾರದ ಜೀವಿಯು ಕೊಚ್ಚಿಕೊಂಡು ಹೋಗುತ್ತದೆ.

ಹಾಗಾದರೆ ಕೈಯಿಲ್ಲದ, ಉಗುರಿಲ್ಲದ, ಹಲ್ಲಿಲ್ಲದ ಈ ಒಂಟಿ ಕೋಶದ ಜೀವಿ ಹಿಡಿದುಕೊಳ್ಳುವುದಾದರೂ ಹೇಗೆ? ಹಿಂದಿನ ಪಠ್ಯಪುಸ್ತಕಗಳಲ್ಲಿ ಸಸಾರಜನಕವೆಂದೂ ಈಗಿನವುಗಳಲ್ಲಿ ಪ್ರೋಟೀನು ಎಂದೂ ಕರೆಯುವ ವಸ್ತುವೇ ಅದರ ಕೈ, ಉಗುರು, ಹಲ್ಲು. ಪ್ರೋಟೀನು ಎಂದರೆ ನಮಗೆ ಬೇಳೆ, ಮೊಟ್ಟೆ, ಹಾಲು ನೆನಪಾಗುವುದು ಸಹಜ. ಆದರೆ ಜೀವಕೋಶಕ್ಕೆ ಅದು ಆಹಾರಕ್ಕಿಂತ ಹೆಚ್ಚಾಗಿ ಉಪಕರಣ. ಮಣಿಗಳನ್ನು ಪೋಣಿಸಿದ ಸರವೊಂದು ತನಗೆ ತಾನೇ ಮಡಿಚಿಕೊಂಡು ಒಂದು ಆಕಾರವನ್ನು ತಾಳುತ್ತದೆ. ಒಂದು ಆಕಾರವು ಕತ್ತರಿಯಾದರೆ ಇನ್ನೊಂದು ಕೊಂಡಿ, ಮತ್ತೊಂದು ಕೀಲಿಕೈ. ಇವನ್ನು ಕೋಶದ ಒಳಗೆ ತಯಾರಿಸಿದರೆ ಸಾಲದು, ಹೊರಕ್ಕೆ ಸಾಗಿಸಬೇಕು. ನಾವು ಹೇಳುತ್ತಿರುವ ರೋಗಾಣುಗಳಿಗೆ ಒಂದರ ಹೊರಗೊಂದರಂತೆ ಎರಡು ಪೊರೆಗಳು. ಅವುಗಳನ್ನು ದಾಟಿಸಲು ಪ್ರತ್ಯೇಕ ದ್ವಾರಗಳಿವೆ. ವಿಜ್ಞಾನಿಗಳು ಈ ದ್ವಾರಗಳಿಗೆ ಸುಂದರವಾದ ಹೆಸರುಗಳನ್ನು ಹುಡುಕುವ ಗೋಜಿಗೆ ಹೋಗದೆ, ರೈಲ್ವೆಯ ಪ್ಲಾಟ್‌ಫಾರಮ್ಮುಗಳಿಗೆ ಕೊಟ್ಟಂತೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟಿದ್ದಾರೆ. ಯಾವ ಸರಕು ಯಾವ ದ್ವಾರದಿಂದ ಹೊರಡಬೇಕೆಂಬುದು ಅಲ್ಲಿ ಗೊತ್ತುಮಾಡಿಟ್ಟ ಸಂಗತಿ.

ಈ ವಿಷಯವನ್ನು ನಾವು ಕುತೂಹಲದಿಂದ ಓದತೊಡಗಿದುದಕ್ಕೆ ಒಂದು ಕಾರಣವುಂಟು. ೨೦೧೯ರ ಜುಲೈ ತಿಂಗಳ ಕೊನೆಯಲ್ಲಿ ಉಲ್ಲಾಸ ನದಿಯು ಉಕ್ಕಿ ಹರಿಯಿತು. ೨೭ನೆಯ ತಾರೀಖು ಬದಲಾಪುರ ಮತ್ತು ವಾಂಗಣಿಗಳ ನಡುವೆ ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸು ನೀರಿನ ನಡುವೆ ಸಿಕ್ಕಿಬಿದ್ದು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಸಾಗಿಸಿದ ಸುದ್ದಿಯನ್ನು ದೇಶವೆಲ್ಲ ಓದಿತು. ನೆರೆಯ ನೀರು ಇಳಿದ ಮೇಲಿನ ಸುದ್ದಿಯು ಪತ್ರಿಕೆಗಳಲ್ಲಿ ಬರುವುದಿಲ್ಲ. ನಮ್ಮ ಕಟ್ಟಡದ ನಲ್ಲಿಯಲ್ಲಿ ಮೂರು ದಿನ ಚಹದ ಬಣ್ಣದ ನೀರು ಬಂದಿತು. ಎಲ್ಲಿಯೋ ಒಂದು ಕಡೆ ಕೊಳವೆ ಒಡೆದು ಚರಂಡಿಯ ನೀರು ಅದರೊಳಗೆ ಸೇರಿತ್ತು. ನಾಲ್ಕನೆಯ ದಿನ ಮೂರನೆಯ ಮಾಳಿಗೆಯ ಒಂದೂವರೆ ವರ್ಷದ ಮಗುವಿಗೆ ವಾಂತಿಭೇದಿ ಹಿಡಿಯಿತು.

ಸಂಜೆಯ ವೇಳೆಗೆ ಮಗುವಿನ ಕಣ್ಣು ಗುಳಿಬಿದ್ದವು. ಅದು ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ಆಗ ನಮ್ಮ ಮನೆಯಲ್ಲಿದ್ದ ಅಜ್ಜಿ ಮೆಟ್ಟಿಲು ಹತ್ತಿ ಹೋಗಿ ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಚಿವುಟಿ ಬಿಟ್ಟರು. ಚರ್ಮದ ಮಡಿಕೆಯು ಕೂಡಲೆ ಇಳಿಯಲಿಲ್ಲ, ನಿಂತೇ ಇತ್ತು. ರಸ್ತೆಯಲ್ಲಿ ಇನ್ನೂ ಮೊಣಕಾಲುಮಟ್ಟ ನೀರು, ರಿಕ್ಷಾ ಬರಲೊಲ್ಲದು. ಔಷಧದ ಅಂಗಡಿಯಿಂದ ಓ.ಆರ್.ಎಸ್. ಪೊಟ್ಟಣಗಳನ್ನು ತಂದು, ಕುದಿಸಿ ಆರಿಸಿದ ನೀರಿನಲ್ಲಿ ಕದಡಿ, ಮಗುವಿನ ತಾಯಿಯೂ ಅಜ್ಜಿಯೂ ಸರದಿಯಂತೆ ರಾತ್ರಿಯಿಡೀ ಚಮಚದಿಂದ ಕುಡಿಸಿದರು. ಮಗು ಕಾರುತ್ತಿತ್ತು, ಹತ್ತು ನಿಮಿಷ ಬಿಟ್ಟು ಮತ್ತೆ ಒಂದು ಚಮಚ. ಬೆಳಗಿನ ಜಾವ ಮಗು ಮೂತ್ರ ಮಾಡಿತು. ಅಷ್ಟು ಸಣ್ಣ ಸಂಗತಿಗೆ ಮೂರು ಮನೆಯವರು ಸಂತೋಷಪಟ್ಟುದನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಆ ರಾತ್ರಿ ಅಜ್ಜಿ ಒಂದು ಮಾತು ಹೇಳಿದರು. ವಿಜಾಪುರದ ಕಡೆಯ ಹಳ್ಳಿಯಲ್ಲಿ ಅವರಿಗೆ ಒಂಬತ್ತು ವರ್ಷವಿದ್ದಾಗ ಅವರ ತಮ್ಮ ಕಾಲರಾದಿಂದ ತೀರಿಕೊಂಡನಂತೆ. ಬೆಳಿಗ್ಗೆ ಹಿಡಿದದ್ದು ಸಂಜೆಗೆ ಮುಗಿದಿತ್ತು. “ನೀರು ಕುಡಿಸಬ್ಯಾಡ್ರಿ, ಕುಡಿಸಿದ್ರ ಮತ್ತಷ್ಟು ಆಗ್ತದ ಅಂದ್ರು ಎಲ್ಲಾರೂ. ಅವ ನೀರು ನೀರು ಅಂತಿದ್ದ” ಎಂದರು. ಇನ್ನೊಂದು ಚಮಚ ಕುಡಿಸಿದರು. ಮತ್ತೆ ಆ ಮಾತನ್ನು ಎತ್ತಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಮಲದ ಪರೀಕ್ಷೆ ಮಾಡಿದ ವೈದ್ಯರು, ಇದು ಕಾಲರಾ ಅಲ್ಲ, ಇ. ಕೋಲೈ ಬಳಗದ ಒಂದು ಕೆಟ್ಟ ಜಾತಿ ಎಂದರು. ಇ. ಕೋಲೈ ಎಂಬುದು ನಮ್ಮೆಲ್ಲರ ಕರುಳಿನಲ್ಲಿಯೂ ನೆಮ್ಮದಿಯಾಗಿ ಇರುವ ಬ್ಯಾಕ್ಟೀರಿಯ. ಮನೆಯ ಮನುಷ್ಯನ ಹೆಸರನ್ನೇ ಇಟ್ಟುಕೊಂಡು ಬಂದ ಕಳ್ಳನನ್ನು ಕಂಡಂತೆ ನಮಗೆ ಆಶ್ಚರ್ಯವಾಯಿತು. ಪುಸ್ತಕಗಳನ್ನು ತೆರೆದೆವು. ಆ ಬಳಗದಲ್ಲಿ ಎಳೆಯ ಮಕ್ಕಳನ್ನೇ ಹೆಚ್ಚಾಗಿ ಪೀಡಿಸುವ ಒಂದು ಪಂಗಡವು ಮಾಡುವ ಕೆಲಸವನ್ನು ಓದಿ ಆಶ್ಚರ್ಯವು ಇಮ್ಮಡಿಯಾಯಿತು.

ಯಾವ ರೋಗಾಣುವೇ ಆಗಲಿ ಗೋಡೆಯ ಮೇಲೆ ತನಗೆ ಒಗ್ಗುವ ಗೂಟವೊಂದನ್ನು ಹುಡುಕಿ ಅದಕ್ಕೆ ತಗುಲಿಕೊಳ್ಳುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಈ ಪಂಗಡವಾದರೋ ಗೂಟವನ್ನು ತಾನೇ ತರುತ್ತದೆ! ಅದರ ಮೂರನೆಯ ಸಂಖ್ಯೆಯ ದ್ವಾರವು ಟೊಳ್ಳಾದ ಸೂಜಿಯಂತಿದೆ. ಅದನ್ನು ಕರುಳಿನ ಕೋಶಕ್ಕೆ ಚುಚ್ಚಿ, ಟಿರ್ ಎಂಬ ಪ್ರೋಟೀನನ್ನು ಒಳಕ್ಕೆ ನೂಕುತ್ತದೆ. ಟಿರ್ ಒಳಗಿನಿಂದ ಕೋಶದ ಪೊರೆಯನ್ನು ಸೇರಿ ಹೊರಕ್ಕೆ ಮುಖಮಾಡಿ ನಿಲ್ಲುತ್ತದೆ. ರೋಗಾಣುವಿನ ಮೈಮೇಲಿರುವ ಇನ್ನೊಂದು ಪ್ರೋಟೀನು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಮ್ಮ ಗೋಡೆಗೆ ತನ್ನ ಮೊಳೆ ಹೊಡೆದು ತನ್ನ ಅಂಗಿಯನ್ನು ತೂಗುಹಾಕುವ ಅತಿಥಿಯ ಧೈರ್ಯ ಇದು. ಅಷ್ಟಕ್ಕೇ ಮುಗಿಯಲಿಲ್ಲ. ಕೋಶದ ಒಳಗಿನ ತಂತುಗಳನ್ನು ಒಟ್ಟುಗೂಡಿಸಿ ತನ್ನ ಅಡಿಯಲ್ಲಿ ಒಂದು ಪೀಠವನ್ನೂ ಕಟ್ಟಿಸಿಕೊಳ್ಳುತ್ತದೆ. ಆ ಪೀಠವೇಳುವಲ್ಲಿ ಆಹಾರವನ್ನು ಹೀರುವ ನಮ್ಮ ಕರುಳಿನ ಸಣ್ಣ ಬೆರಳುಗಳು ಅಳಿದುಹೋಗುತ್ತವೆ. ಇದನ್ನು ೧೯೯೭ರಲ್ಲಿ ಕೆನಡದ ವ್ಯಾಂಕೂವರಿನಲ್ಲಿ ಬ್ರೆಂಡನ್ ಕೆನ್ನಿ, ಬ್ರೆಟ್ ಫಿನ್ಲೆ ಮೊದಲಾದವರು ಕಂಡುಹಿಡಿದರು.

ಅಜ್ಜಿಯ ತಮ್ಮನನ್ನು ಕೊಂಡೊಯ್ದ ಕಾಲರಾದ ಕಥೆ ಬೇರೆ, ಇದಕ್ಕಿಂತ ದೊಡ್ಡದು. ಅದರಲ್ಲಿ ನಮ್ಮ ದೇಶದ ಪಾಲೂ ಇದೆ. ಪರೇಲಿನ ಹಾಫ್‌ಕಿನ್ ಸಂಸ್ಥೆಯ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಪ್ಲೇಗಿನ ಲಸಿಕೆಯೊಡನೆ ಕೇಳಿರುತ್ತಾರೆ. ಆದರೆ ವಾಲ್ಡೆಮಾರ್ ಹಾಫ್‌ಕಿನ್ನರು ೧೮೯೩ರಲ್ಲಿ ಭಾರತಕ್ಕೆ ಬಂದುದು ಕಾಲರಾದ ಲಸಿಕೆಯನ್ನು ಹಿಡಿದುಕೊಂಡು. ಅದಕ್ಕೂ ಮೊದಲು, ೧೮೮೪ರಲ್ಲಿ, ಜರ್ಮನಿಯ ರಾಬರ್ಟ್ ಕಾಖ್ ಕಲ್ಕತ್ತೆಗೆ ಬಂದು, ಅಲ್ಪವಿರಾಮದಂತೆ ಬಾಗಿದ ಈ ರೋಗಾಣುವನ್ನು ರೋಗಿಗಳ ಕರುಳಿನಲ್ಲಿಯೂ ಒಂದು ಕೆರೆಯ ನೀರಿನಲ್ಲಿಯೂ ಕಂಡಿದ್ದರು. ಅದು ಯಾವುದೋ ವಿಷವನ್ನು ಸ್ರವಿಸುತ್ತಿರಬೇಕೆಂದು ಅವರು ಊಹಿಸಿದರು. ಆ ವಿಷವನ್ನು ಹಿಡಿಯಲು ಮುಂದೆ ಎಪ್ಪತ್ತೈದು ವರ್ಷ ಹಿಡಿಯಿತು. ಎಲ್ಲರೂ ಅದನ್ನು ಪ್ರಾಣಿಗಳ ರಕ್ತಕ್ಕೂ ಚರ್ಮದಡಿಗೂ ಚುಚ್ಚಿ ನೋಡುತ್ತಿದ್ದರು. ಕರುಳಿನ ರೋಗದ ವಿಷವನ್ನು ಕರುಳಿನಲ್ಲಿಯೇ ಇಟ್ಟು ನೋಡಬೇಕೆಂಬುದು ಹೊಳೆದವರು ಕಡಮೆ.

ಕಲ್ಕತ್ತೆಯ ಶಂಭುನಾಥ ದೇ ಅವರಿಗೆ ಅದು ಹೊಳೆಯಿತು. ಅವರು ಮೊಲದ ಸಣ್ಣ ಕರುಳಿನ ತುಂಡೊಂದನ್ನು ಅದು ಇದ್ದಲ್ಲಿಯೇ ಎರಡು ಕಡೆ ದಾರದಿಂದ ಕಟ್ಟಿದರು. ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಸೋಸಿ, ಒಂದು ಜೀವಿಯೂ ಉಳಿಯದಂತೆ ಮಾಡಿ, ಆ ಬರಿಯ ಸೋಸಿದ ದ್ರವವನ್ನು ಆ ತುಂಡಿನೊಳಕ್ಕೆ ಬಿಟ್ಟರು. ಮರುದಿನ ನೋಡಿದರೆ ಕರುಳಿನ ತುಂಡು ಅಕ್ಕಿಯ ಗಂಜಿನೀರಿನಂತಹ ದ್ರವದಿಂದ ಉಬ್ಬಿ ನಿಂತಿತ್ತು. ರೋಗಾಣುವಿಲ್ಲದೆಯೇ ರೋಗ! ಅದು ಹೊರಕ್ಕೆ ಕಳುಹಿಸಿದ ಪ್ರೋಟೀನೇ ಸಾಕಾಗಿತ್ತು. ೧೯೫೯ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ವಿಷಯ ಪ್ರಕಟವಾಯಿತು. ಇಷ್ಟು ಸರಳವಾದ ಉಪಕರಣಗಳಿಂದ ಇಷ್ಟು ದೊಡ್ಡ ಮಾತನ್ನು ಸಾಧಿಸಿದವರಿಗೆ ಅವರ ಜೀವಿತಕಾಲದಲ್ಲಿ ನಮ್ಮ ದೇಶವು ತಕ್ಕ ಮನ್ನಣೆಯನ್ನು ಕೊಡಲಿಲ್ಲವೆಂಬುದು ನಮಗೆ ಇಂದಿಗೂ ಬೇಸರದ ಸಂಗತಿ. ಅವರು ೧೯೮೫ರಲ್ಲಿ ತೀರಿಕೊಂಡರು.

ಆ ವಿಷದ ರಚನೆ ಈಗ ಚೆನ್ನಾಗಿ ತಿಳಿದಿದೆ. ಉಂಗುರದಂತೆ ಕೂಡಿದ ಐದು ಭಾಗಗಳು ಕರುಳಿನ ಕೋಶವನ್ನು ಹಿಡಿಯುತ್ತವೆ. ಆರನೆಯದು ಒಳಹೊಕ್ಕು ಲವಣವನ್ನು ಹೊರಕ್ಕೆ ಬಿಡುವ ತೂಬನ್ನು ಮುಚ್ಚದಂತೆ ಮಾಡುತ್ತದೆ. ಲವಣದ ಹಿಂದೆ ನೀರು. ತೀವ್ರವಾದ ಕಾಲರಾದಲ್ಲಿ ಗಂಟೆಗೆ ಒಂದು ಲೀಟರಿನಷ್ಟು ನೀರು ಹೋಗುವುದುಂಟು. ಆದರೆ ಸಕ್ಕರೆ ಮತ್ತು ಉಪ್ಪುಗಳನ್ನು ಜೊತೆಯಾಗಿ ಒಳಕ್ಕೆ ಕರೆದುಕೊಳ್ಳುವ ಇನ್ನೊಂದು ಬಾಗಿಲನ್ನು ಈ ವಿಷವು ಮುಟ್ಟುವುದಿಲ್ಲ. ಆ ರಾತ್ರಿಯ ಚಮಚವು ಕೆಲಸ ಮಾಡಿದುದು ಇದೇ ಬಾಗಿಲಿನ ಮೂಲಕ. ೧೯೭೧ರಲ್ಲಿ ಬಂಗಾಳದ ಗಡಿಯ ಬನಗಾಂವಿನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವವು ಮುಗಿಯುತ್ತ ಬಂದಾಗ, ದಿಲೀಪ ಮಹಲನಬೀಸರು ಒಂದು ಲೀಟರು ನೀರಿಗೆ ೨೨ ಗ್ರಾಂ ಗ್ಲೂಕೋಸು, ೩.೫ ಗ್ರಾಂ ಉಪ್ಪು, ೨.೫ ಗ್ರಾಂ ಅಡುಗೆ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶಿಬಿರದಲ್ಲಿ ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅಜ್ಜಿಯ ತಮ್ಮನು ಕೇಳುತ್ತಿದ್ದುದು ತಪ್ಪಾದ ವಸ್ತುವನ್ನಲ್ಲ; ಅದಕ್ಕೆ ಚಿಟಿಕೆ ಉಪ್ಪು, ಒಂದಿಷ್ಟು ಸಕ್ಕರೆ ಸೇರಬೇಕಾಗಿತ್ತು.

ವಿಷವು ರೋಗವನ್ನು ತರುತ್ತದೆ, ಸರಿ. ಆದರೆ ನೆಲೆ ನಿಲ್ಲುವುದು? ಅದಕ್ಕೆ ಕಾಲರಾದ ರೋಗಾಣುವಿನ ಬಳಿ ಬೇರೆ ಸಾಮಗ್ರಿಗಳಿವೆ. ವಿಷವನ್ನು ಹೊರಡಿಸುವ ಎರಡನೆಯ ಸಂಖ್ಯೆಯ ದ್ವಾರದಿಂದಲೇ ಅದು ಲೋಳೆಯನ್ನು ಕತ್ತರಿಸುವ ಒಂದು ಪ್ರೋಟೀನನ್ನು ಕಳುಹಿಸಿ ದಾರಿ ಮಾಡಿಕೊಳ್ಳುತ್ತದೆ. ಆರನೆಯ ಸಂಖ್ಯೆಯ ದ್ವಾರವು ಭರ್ಜಿಯಂತಹದು. ನೆರೆಯ ಬ್ಯಾಕ್ಟೀರಿಯವನ್ನು ಇರಿದು ಸ್ಥಳವನ್ನು ತೆರವು ಮಾಡಿಸುತ್ತದೆ. ಇಲಿಮರಿಗಳ ಕರುಳಿನಲ್ಲಿ ಇದು ನಿಜವಾಗಿ ನಡೆಯುತ್ತದೆಯೆಂದು ೨೦೧೮ರಲ್ಲಿ ತೋರಿಸಿದರು. ಡೊಂಬಿವಲಿಯಲ್ಲಿ ಹತ್ತುವವರು ಅಷ್ಟು ದೂರ ಹೋಗುವುದಿಲ್ಲವೆಂಬುದು ನಮ್ಮ ಪುಣ್ಯ.

ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಸೆಳೆದುದು ಇದೇ ಎರಡನೆಯ ದ್ವಾರದಿಂದ ಹೊರಡುವ ಇನ್ನೊಂದು ಪ್ರೋಟೀನು. ಕಾಲರಾದ ರೋಗಾಣು ಮೂಲತಃ ನಮ್ಮದಲ್ಲ, ನೀರಿನದು. ಅಳಿವೆಗಳಲ್ಲಿ, ನದಿಗಳಲ್ಲಿ, ಕೆರೆಗಳಲ್ಲಿ ಸಿಗಡಿ ಏಡಿಗಳ ದೂರದ ಬಂಧುಗಳಾದ ಕಿರುಜೀವಿಗಳಿವೆ. ಹೆಚ್ಚೆಂದರೆ ಒಂದೆರಡು ಮಿಲಿಮೀಟರು ಉದ್ದ. ಅವುಗಳ ಚಿಪ್ಪು ಕೈಟಿನ್ ಎಂಬ ವಸ್ತುವಿನಿಂದ ಆದುದು. ಕೈಟಿನ್ ಎಂದರೆ ಒಂದು ಬಗೆಯ ಸಕ್ಕರೆಯ ಉದ್ದನೆಯ ಸರಪಳಿ. ರೋಗಾಣುವು ಒಂದು ಪ್ರೋಟೀನನ್ನು ಹೊರಕ್ಕೆ ಬಿಟ್ಟು, ಅದರ ಮೂಲಕ ಈ ಸಕ್ಕರೆಯನ್ನು ಹಿಡಿದು ಚಿಪ್ಪಿನ ಮೇಲೆ ವಾಸಮಾಡುತ್ತದೆ, ಅದನ್ನೇ ತಿನ್ನುತ್ತದೆ. ೨೦೦೫ರಲ್ಲಿ ಥಾಮಸ್ ಕರ್ನ್, ಬ್ರೂಕ್ ಜೂಡ್, ರೊನಾಲ್ಡ್ ಟೇಲರ್ ಎಂಬ ಅಮೆರಿಕದ ಸಂಶೋಧಕರು ಕಂಡ ವಿಷಯವಿದು: ನಮ್ಮ ಕರುಳಿನ ಲೋಳೆಯಲ್ಲಿಯೂ ಅದೇ ಸಕ್ಕರೆ ಇದೆ, ರೋಗಾಣುವು ಅದೇ ಪ್ರೋಟೀನಿನಿಂದ ಅಲ್ಲಿಯೂ ಹಿಡಿದುಕೊಳ್ಳುತ್ತದೆ. ಆ ಪ್ರೋಟೀನನ್ನು ತಯಾರಿಸಲಾರದ ರೋಗಾಣುಗಳು ಇಲಿಮರಿಯ ಕರುಳಿನಲ್ಲಿ ಸರಿಯಾಗಿ ನೆಲೆನಿಲ್ಲಲಿಲ್ಲ. ಅದು ನಮ್ಮನ್ನು ದ್ವೇಷಿಸಿ ಬರುವುದಲ್ಲ. ಸಿಗಡಿಯ ಬಂಧುವಿಗೂ ನಮಗೂ ಅದಕ್ಕೆ ಅಷ್ಟಾಗಿ ಭೇದ ತಿಳಿಯದು. ಇನ್ನೂ ಒಂದು ಚಮತ್ಕಾರವುಂಟು. ಅದರ ಸಂಖ್ಯೆಯು ಕಿಕ್ಕಿರಿದಾಗ, ಲೋಳೆಯನ್ನು ಕತ್ತರಿಸಿದ ಅದೇ ಕತ್ತರಿಯು ಈ ಹಿಡಿಕೆಯನ್ನೂ ಕತ್ತರಿಸುತ್ತದೆ. ಕಟ್ಟು ಬಿಚ್ಚಿದ ರೋಗಾಣುಗಳು ನೀರಿನೊಡನೆ ಹೊರಟು ಮತ್ತೆ ಕೆರೆಯನ್ನು ಸೇರುತ್ತವೆ. ಹಿಂದೆ ಪ್ರಯಾಣಿಕರು ಇಲ್ಲಿ ಕುದುರೆ ಬದಲಾಯಿಸುತ್ತಿದ್ದುದರಿಂದ ಬದಲಾಪುರಕ್ಕೆ ಆ ಹೆಸರು ಬಂದಿತೆಂದು ಊರಿನವರು ಹೇಳುತ್ತಾರೆ. ಈ ರೋಗಾಣುವಿಗೆ ನಮ್ಮ ಕರುಳು ಅಂತಹದೇ ಒಂದು ತಂಗುದಾಣ.

ಇದನ್ನು ಓದಿದಾಗ ನಮ್ಮ ಅಡಿಗೆಮನೆಯ ನಲ್ಲಿಯ ಕಡೆಗೆ ನೋಡಿದೆವು. ಅಜ್ಜಿ ಬದಲಾಪುರಕ್ಕೆ ಬಂದ ದಿನವೇ ತಮ್ಮ ಹಳೆಯ ಇಳಕಲ್ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಅದಕ್ಕೆ ಕಟ್ಟಿದ್ದರು. ನೀರು ನಿಧಾನವಾಗಿ ಬರುತ್ತದೆಯೆಂದು ಮನೆಯ ಹುಡುಗರೆಲ್ಲ ಗೊಣಗಿದರು; ಬಟ್ಟೆಯಲ್ಲಿ ಸಿಕ್ಕುವ ಹುಳು ಎಲ್ಲಿದೆ ತೋರಿಸಿ ಎಂದು ಹಾಸ್ಯ ಮಾಡಿದರು. “ಹುಳಾ ಕಣ್ಣಿಗೆ ಕಾಣಬೇಕು ಅಂತ ಎಲ್ಲೈತಿ?” ಎಂಬುದು ಅವರ ಉತ್ತರ. ಅವರ ಊರಿನಲ್ಲಿ ಮೆಟ್ಟಿಲಬಾವಿಯ ನೀರನ್ನು ಸೋಸದೆ ಕುಡಿದವರಿಗೆ ನಾರುಹುಣ್ಣು ಆಗುತ್ತಿತ್ತು. ನಾರುಹುಳುವಿನ ಮರಿಯು ಸೈಕ್ಲಾಪ್ಸ್ ಎಂಬ ನೀರಿನ ಕಿರುಜೀವಿಯ ಹೊಟ್ಟೆಯಲ್ಲಿ ಕುಳಿತು ನಮ್ಮ ಹೊಟ್ಟೆಗೆ ಬರುತ್ತಿತ್ತು. ಒಂದು ವರ್ಷದ ಮೇಲೆ ಮೊಳಕಾಲಿನ ಕೆಳಗೆ ದಾರದಂತೆ ಹೊರಬೀಳುತ್ತಿತ್ತು. ಬಾವಿಗಳನ್ನು ಸರಿಪಡಿಸಿ, ನೀರನ್ನು ಬಟ್ಟೆಯಿಂದ ಸೋಸುವ ಪಾಠವನ್ನು ಮನೆಮನೆಗೆ ಕಲಿಸಿ ಆ ರೋಗವನ್ನು ಓಡಿಸಿದರು. ೧೯೯೬ರ ತರುವಾಯ ಅದು ನಮ್ಮ ದೇಶದಲ್ಲಿ ಕಾಣಿಸಿಕೊಂಡಿಲ್ಲ. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಅದರಿಂದ ಮುಕ್ತವಾಯಿತೆಂದು ಸಾರಿತು.

ಸೈಕ್ಲಾಪ್ಸನ್ನು ತಡೆಯುವ ಬಟ್ಟೆಯು ಅಂತಹ ಜೀವಿಗಳ ಚಿಪ್ಪನ್ನು ಹಿಡಿದುಕೊಂಡ ಕಾಲರಾದ ರೋಗಾಣುವನ್ನೂ ತಡೆಯಬೇಕಲ್ಲವೆ? ರೀಟಾ ಕೋಲ್ವೆಲ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಬಾಂಗ್ಲಾದೇಶದ ಮತ್ಲಬ್ ಎಂಬಲ್ಲಿ ಹಳ್ಳಿಯ ಹೆಂಗಸರಿಗೆ ಸೀರೆಯನ್ನು ಮಡಿಚಿ ನೀರು ಸೋಸುವುದನ್ನು ಕಲಿಸಿ ಇದನ್ನು ಪರೀಕ್ಷಿಸಿದರು. ೨೦೦೩ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸೋಸಿದ ಹಳ್ಳಿಗಳಲ್ಲಿ ಕಾಲರಾ ನೂರಕ್ಕೆ ೪೮ರಷ್ಟು ಇಳಿದಿತ್ತು. ಹೊಸ ಸೀರೆಗಿಂತ ಹಳೆಯ ಸೀರೆಯೇ ಮೇಲೆಂಬುದನ್ನೂ ಅವರು ಕಂಡರು. ಒಗೆದು ಒಗೆದು ನೂಲಿನ ಎಳೆಗಳು ಸಡಿಲವಾಗಿ ಹರಡಿಕೊಂಡು ರಂಧ್ರಗಳು ಕಿರಿದಾಗುತ್ತವೆ. ಅಜ್ಜಿಗೆ ಇದನ್ನು ಓದಿ ಹೇಳಿದೆವು. ಹೊಸ ಸೀರೆಯನ್ನು ಯಾರಾದರೂ ಹರಿಯುತ್ತಾರೆಯೇ ಎಂದು ಅವರು ಕೇಳಿದರು.

ಹಾಗೆಂದು ಬಟ್ಟೆಯನ್ನೇ ನಂಬಿ ಕುಳಿತುಕೊಳ್ಳಬಹುದೆಂದು ನಾವು ಹೇಳುತ್ತಿಲ್ಲ. ನಾಲ್ಕು ಮಡಿಕೆಯ ಹಳೆಯ ಸೀರೆಯ ರಂಧ್ರವು ಮಿಲಿಮೀಟರಿನ ಸುಮಾರು ಐವತ್ತರಲ್ಲೊಂದು ಪಾಲು. ರೋಗಾಣುವಿನ ಉದ್ದವು ಸುಮಾರು ಐನೂರರಲ್ಲೊಂದು ಪಾಲು. ಒಂಟಿಯಾಗಿ ಈಜುವ ರೋಗಾಣು ಬಟ್ಟೆಯ ರಂಧ್ರದಲ್ಲಿ ಹೆಬ್ಬಾಗಿಲಿನಲ್ಲಿ ನಡೆದಂತೆ ನಡೆದು ಬರುತ್ತದೆ. ಮೂರನೆಯ ಮಾಳಿಗೆಯ ಮಗುವನ್ನು ಹಿಡಿದ ಇ. ಕೋಲೈಗೆ ಚಿಪ್ಪಿನ ಸವಾರಿ ಬೇಕಾಗಿಯೇ ಇಲ್ಲ. ಅದಕ್ಕೆ ಕುದಿಯುವ ನೀರು ಅಥವಾ ಕ್ಲೋರಿನ್ನು ಬೇಕು. ನಮ್ಮ ಮನೆಯಲ್ಲಿ ಈಗ ಎರಡೂ ನಡೆಯುತ್ತವೆ: ಮೊದಲು ಬಟ್ಟೆ, ಅನಂತರ ಒಲೆ. ವಾರಕ್ಕೊಮ್ಮೆ ಬಟ್ಟೆಯನ್ನು ಬಿಚ್ಚಿ ಒಗೆದು ಬಿಸಿಲಿಗೆ ಹಾಕುವುದು ಕಿರಿಯ ಹುಡುಗನ ಪಾಲಿನ ಕೆಲಸ.

ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದವರು ಮಳೆಗಾಲ ಕಳೆದ ಮೇಲೆ ಯಾವುದಾದರೂ ಕೆರೆಯ ನೀರನ್ನು ಒಂದು ಶೀಸೆಯಲ್ಲಿ ತಂದು ನೋಡಬಹುದು. ಚಿಕ್ಕ ಮಸೂರವೇ ಸಾಕು. ಪೇರಲೆಯ ಬೀಜದ ಆಕಾರದ ಜೀವಿಯೊಂದು ಗಕ್ಕನೆ ನೆಗೆಯುತ್ತ, ನಿಲ್ಲುತ್ತ, ಮತ್ತೆ ನೆಗೆಯುತ್ತ ಓಡಾಡುತ್ತಿರುತ್ತದೆ. ಹಣೆಯ ನಡುವೆ ಒಂದೇ ಒಂದು ಕಪ್ಪು ಕಣ್ಣು. ಹೆಣ್ಣಾದರೆ ಬಾಲದ ಎರಡು ಪಕ್ಕಗಳಲ್ಲಿ ಮೊಟ್ಟೆಗಳ ಎರಡು ಚೀಲಗಳು ತೂಗುತ್ತಿರುತ್ತವೆ. ಇದೇ ಸೈಕ್ಲಾಪ್ಸ್. ನೋಡಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆದುಕೊಳ್ಳಿರಿ.